ಅರಗಿನ ತಟ್ಟೆಯ ಪಾಠ: ಹಳೆಯ ಧ್ವನಿಮುದ್ರಿಕೆಗಳ ಸಂಗ್ರಹ ಮತ್ತು ಶ್ರವಣವನ್ನು ಕುರಿತು

1

ಕನ್ನಡ ಸಂಶೋಧನೆಯು ಓಲೆಗರಿಗೆ ಸಲ್ಲಿಸಿದ ಗೌರವವನ್ನು ಗ್ರಾಮಫೋನ್ ತಟ್ಟೆಗೆ ಇನ್ನೂ ಸಲ್ಲಿಸಿಲ್ಲ. ಹಸ್ತಪ್ರತಿಯೊಂದು ಕೈಗೆ ಬಂದರೆ ಅದರ ಗರಿಗಳೆಷ್ಟು, ಲಿಪಿಕಾರನು ಯಾರು, ಪ್ರತಿಯಾದ ಕಾಲ ಯಾವುದು, ಲುಪ್ತವಾದ ಭಾಗ ಎಷ್ಟು ಎಂಬುದನ್ನು ವಿಚಾರಿಸಿದ ಮೇಲೆಯೇ ನಾವು ಅದರೊಳಗಿನ ಕಾವ್ಯದ ಮಾತಿಗೆ ಬರುತ್ತೇವೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ (1964) ಪ್ರಕಟವಾದ ಮೇಲಂತೂ ಈ ಶಿಸ್ತು ನಮ್ಮ ವಿದ್ಯಾರ್ಥಿಗಳಿಗೆ ಮೊದಲ ಪಾಠವೇ ಆಗಿದೆ. ಆದರೆ ಅದೇ ವಿದ್ಯಾರ್ಥಿ 1905ರ ಅಥವಾ 1935ರ ಧ್ವನಿಮುದ್ರಿಕೆಯೊಂದನ್ನು ಆಧಾರವಾಗಿ ಹೇಳುವಾಗ ‘ಹಳೆಯ ರೆಕಾರ್ಡಿನಲ್ಲಿ ಕೇಳಿದಂತೆ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವುದುಂಟು. ಅದು ಯಾವ ಕಂಪನಿಯ ತಟ್ಟೆ, ಅದರ ಸಂಖ್ಯೆಯೇನು, ಎಷ್ಟು ವೇಗದಲ್ಲಿ ತಿರುಗಿಸಿ ಕೇಳಲಾಯಿತು, ಕೇಳಿದ್ದು ಮೂಲ ತಟ್ಟೆಯನ್ನೋ ಅದರಿಂದ ಇಳಿಸಿಕೊಂಡ ಕ್ಯಾಸೆಟ್ಟನ್ನೋ ಎಂಬ ಪ್ರಶ್ನೆಗಳು ಏಳುವುದೇ ಇಲ್ಲ.

ಈ ಉದಾಸೀನಕ್ಕೆ ಎದುರಾಗಿ ನಿಲ್ಲುವುದು ಸಂಗ್ರಾಹಕರ ಭಕ್ತಿ. ಮುಂಬಯಿಯ ಚೋರ್ ಬಜಾರಿನಲ್ಲಿಯೋ ಪುಣೆಯ ಜುನಾ ಬಜಾರಿನಲ್ಲಿಯೋ ಧೂಳು ಹಿಡಿದ ತಟ್ಟೆಗಳ ರಾಶಿಯನ್ನು ಕೆದಕಿ, ಒಂದೆರಡನ್ನು ಆಯ್ದು ಎದೆಗವಚಿಕೊಂಡು ತರುವ ಈ ಜನ ಇಲ್ಲದಿದ್ದರೆ ನಮಗೆ ಇಂದು ಕೇಳಲು ಏನೂ ಉಳಿಯುತ್ತಿರಲಿಲ್ಲ. ಆ ಋಣವನ್ನು ಮರೆಯಲಾಗದು. ಆದರೆ ಅವರಲ್ಲಿ ಅನೇಕರು ತಟ್ಟೆಯ ಕರಕರ ಸದ್ದನ್ನೇ ಶುದ್ಧತೆಯ ಮುದ್ರೆಯೆಂದು ಬಗೆಯುತ್ತಾರೆ. ಅದರಲ್ಲಿ ಕೇಳುವುದೆಲ್ಲ ‘ನಿಜವಾದ’ ಹಳೆಯ ಸಂಗೀತವೆಂದು ನಂಬುತ್ತಾರೆ. ಇತ್ತ ಸಂಗೀತಶಾಸ್ತ್ರಜ್ಞರಲ್ಲಿ ಕೆಲವರು ಮೂರು ನಿಮಿಷದ ತುಣುಕಿನಿಂದ ರಾಗದ ಸ್ವರೂಪ ತಿಳಿಯದೆಂದು ತಟ್ಟೆಯನ್ನು ಬದಿಗಿಡುತ್ತಾರೆ. ಭಕ್ತಿಯೂ ತಿರಸ್ಕಾರವೂ ಒಂದೇ ತಪ್ಪಿನ ಎರಡು ಮುಖಗಳೆಂದು ನಮ್ಮ ಅಭಿಪ್ರಾಯ. ಈ ತಟ್ಟೆ ಹೇಗೆ ಹುಟ್ಟಿತು, ಹುಟ್ಟುವಾಗ ಹಾಡಿನಿಂದ ಏನನ್ನು ಕಳೆಯಿತು, ಅದಕ್ಕೆ ಏನನ್ನು ಸೇರಿಸಿತು ಎಂಬುದನ್ನು ಎರಡೂ ಕೇಳುವುದಿಲ್ಲ.

ಧ್ವನಿತಟ್ಟೆ ಗತಕಾಲಕ್ಕೆ ತೆರೆದ ಕಿಟಕಿಯಲ್ಲ, ಅದೊಂದು ಪಾಠ. ಆದ್ದರಿಂದ ಅದಕ್ಕೂ ಸಂಪಾದನೆ ಬೇಕು. ಈ ಲೇಖನದಲ್ಲಿ ನಾವು ಪ್ರತಿಪಾದಿಸಲು ಬಯಸುವುದು ಇಷ್ಟನ್ನೇ.

2

ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ರೂಪಿಸಿದ ಹತ್ತು ವರ್ಷಗಳ ಮೇಲೆ, 1887ರಲ್ಲಿ, ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನಿಗೆ ಹಕ್ಕುಪತ್ರ ಪಡೆದರು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡರು. ಅಂದು ಮೈಕು ಇರಲಿಲ್ಲ. ಗಾಯಕಿ ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ಆ ಧ್ವನಿಯ ಒತ್ತಡವೇ ಪರದೆಯೊಂದನ್ನು ನಡುಗಿಸಿ, ಅದಕ್ಕೆ ಅಂಟಿದ ಮೊನೆ ಮೇಣದ ಫಲಕದ ಮೇಲೆ ಗೆರೆ ಕೊರೆಯಬೇಕು. ಆ ಮೇಣದ ಫಲಕಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಅಚ್ಚಾಗಿ, ತಟ್ಟೆಗಳಾಗಿ ಭಾರತಕ್ಕೆ ಮರಳುತ್ತಿದ್ದವು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯುವವರೆಗೂ ಇದೇ ಕ್ರಮ. ತಟ್ಟೆಯ ಜೀವದ್ರವ್ಯವಾದ ಅರಗು ಮಾತ್ರ ಬಹುಪಾಲು ನಮ್ಮ ಛೋಟಾನಾಗಪುರದ ಕಡೆಯದು. ಅದು ಕಲ್ಲಿನ ಪುಡಿ ಮತ್ತು ಮಸಿಯೊಡನೆ ಬೆರೆತು ಹಾಡಾಗಿ ಹಿಂದಿರುಗುತ್ತಿತ್ತು.

ಗೌಹರ್ ಜಾನ್ ಹಾಡು ಮುಗಿಯುವಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುತ್ತಾರೆ. ಇದು ಕಲಾವಿದೆಯ ಠೀವಿಯೆಂದು ಮೆಚ್ಚುವವರುಂಟು. ಠೀವಿಯಿದ್ದೀತು, ಆದರೆ ಅದರ ಹುಟ್ಟು ಕಾರ್ಖಾನೆಯ ಅಗತ್ಯದಲ್ಲಿದೆ. ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಭಾರತದ ಭಾಷೆಗಳು ತಿಳಿಯವು. ಯಾವ ಫಲಕ ಯಾರದೆಂದು ಗುರುತಿಸಲು ಈ ಘೋಷಣೆ ಬೇಕಾಗಿತ್ತು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಊರು, ತಿಥಿಗಳನ್ನು ಬರೆದಿಡುವ ಸಮಾಪ್ತಿವಾಕ್ಯಕ್ಕೆ ಇದು ಸಮಾನವಾದುದು. ಕಾವ್ಯದ ಭಾಗವಲ್ಲದಿದ್ದರೂ ಪ್ರತಿಯ ಕಾಲದೇಶಗಳನ್ನು ನಿರ್ಣಯಿಸುವವನಿಗೆ ಕಾವ್ಯಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು. ಮರುಮುದ್ರಣ ಮಾಡುವವರು ಕಿವಿಗೆ ಹಿತವಲ್ಲವೆಂದು ಈ ಘೋಷಣೆಯನ್ನು ಕತ್ತರಿಸಿದರೆ, ಸಮಾಪ್ತಿವಾಕ್ಯವಿದ್ದ ಕಡೆಯ ಗರಿಯನ್ನು ಹರಿದೆಸೆದಂತೆ ಆಗುತ್ತದೆ.

ತುತ್ತೂರಿಯ ಮುದ್ರಣವು ಸುಮಾರು 2,500 ಹರ್ಟ್ಸಿಗಿಂತ ಮೇಲಿನ ಧ್ವನಿಯನ್ನು ಬಹುಮಟ್ಟಿಗೆ ಹಿಡಿಯಲಾರದು. 1925ರಲ್ಲಿ ಬಳಕೆಗೆ ಬಂದ ವಿದ್ಯುತ್ ಮುದ್ರಣವು ಈ ಮಿತಿಯನ್ನು ಸುಮಾರು 5,000ಕ್ಕೆ ಏರಿಸಿತು. ಇದರ ಪರಿಣಾಮವನ್ನು ಸಂಗೀತದವರಷ್ಟೇ ಅಲ್ಲ, ಭಾಷಾವಿಜ್ಞಾನಿಗಳೂ ಗಮನಿಸಬೇಕು. ಸಕಾರ ಶಕಾರಗಳ ಸೀತ್ಕಾರದ ಬಹುಭಾಗ ಇರುವುದೇ ಮೇಲಿನ ಆವರ್ತನಗಳಲ್ಲಿ. ಆದ್ದರಿಂದ ತುತ್ತೂರಿಯ ಕಾಲದ ತಟ್ಟೆಯೊಂದನ್ನು ಕೇಳಿ ಈ ಗಾಯಕಿ ಸ-ಶ ಭೇದ ಮಾಡುತ್ತಿರಲಿಲ್ಲವೆಂದು ಬರೆದರೆ, ಯಂತ್ರದ ದೋಷವನ್ನು ನಾಲಗೆಗೆ ಹೊರಿಸಿದಂತಾಗುತ್ತದೆ. ಹಾಗೆಯೇ ಅಂದಿನ ತಟ್ಟೆಗಳಲ್ಲಿ ತಂಬೂರಿ ಕೇಳಿಸದಿರುವುದರಿಂದ ತಂಬೂರಿಯೇ ಇರಲಿಲ್ಲವೆಂದೂ, ಎಲ್ಲರೂ ಎತ್ತರದ ಬಿರುಸು ಕಂಠದಲ್ಲಿ ಹಾಡುತ್ತಿದ್ದರೆಂದೂ ತೀರ್ಮಾನಿಸಲಾಗದು. ಮೃದುವಾದುದನ್ನು ತುತ್ತೂರಿ ಕೇಳಿಸಿಕೊಳ್ಳಲಿಲ್ಲ. ಗಟ್ಟಿಯಾಗಿ ಹಾಡಬಲ್ಲವರನ್ನೇ ಅದು ಆರಿಸಿಕೊಂಡಿತು. ಉಳಿದು ಬಂದಿರುವುದು ಆ ಕಾಲದ ಸಂಗೀತವಲ್ಲ, ಅದರಲ್ಲಿ ತುತ್ತೂರಿಗೆ ಒಗ್ಗಿದ ಭಾಗ.

3

ಎರಡನೆಯ ನಿರ್ಬಂಧ ಕಾಲದ್ದು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷ, ಹನ್ನೆರಡು ಅಂಗುಲದ್ದರಲ್ಲಿ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಇದರಿಂದಲೇ ಶಾಸ್ತ್ರಜ್ಞರ ತಿರಸ್ಕಾರ ಹುಟ್ಟಿದೆ. ಒಂದು ಗಂಟೆ ಹಾಡಬೇಕಾದ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿದರೆ ಅದು ಹರಿದ ಚೂರಲ್ಲದೆ ಮತ್ತೇನು ಎಂದು ಅವರು ಕೇಳುತ್ತಾರೆ.

ಉತ್ತರ ನಮ್ಮ ಕಾವ್ಯಮೀಮಾಂಸೆಯಲ್ಲಿಯೇ ಇದೆ. ಮುಕ್ತಕವನ್ನು ಮಹಾಕಾವ್ಯದಿಂದ ಹರಿದ ಚೂರೆಂದು ಯಾವ ಆಲಂಕಾರಿಕನೂ ಹೇಳಲಿಲ್ಲ. ಅದು ತನ್ನಲ್ಲಿ ತಾನು ಪೂರ್ಣವಾದ, ಬೇರೆಯ ಕಟ್ಟುಪಾಡಿನ ರಚನೆ. ಪ್ರಬಂಧಕವಿಗೆ ಅನೇಕ ಸಂಧಿಗಳಲ್ಲಿ ಸಾಧ್ಯವಾಗುವ ರಸಪೋಷಣೆಯನ್ನು ಮುಕ್ತಕಕಾರನು ನಾಲ್ಕು ಸಾಲಿನಲ್ಲಿ ಸೂಚನೆಯಿಂದ ಸಾಧಿಸಬೇಕು. ಒಳ್ಳೆಯ ತಟ್ಟೆಗಾಯಕನು ಮಾಡಿದ್ದು ಇದನ್ನೇ.

ಕಿರಾಣಾ ಪರಂಪರೆಯ ಅಬ್ದುಲ್ ಕರೀಂ ಖಾನರು (1872–1937) 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಹಾಡಿದ ತಟ್ಟೆಗಳು ಇದಕ್ಕೆ ಉತ್ತಮ ನಿದರ್ಶನ. ಅವರ ಭೈರವಿಯ ಠುಮರಿಯನ್ನಾಗಲಿ ಝಿಂಝೋಟಿಯ ಠುಮರಿಯನ್ನಾಗಲಿ ಗಮನವಿಟ್ಟು ಕೇಳಿದರೆ, ಎಲ್ಲಿಯೂ ಅವಸರದ ಸುಳಿವು ಕಾಣದು. ವಿಸ್ತಾರಕ್ಕೆ ಎಡೆಯಿಲ್ಲವೆಂಬ ಅರಿವಿನಿಂದ ಅವರು ಸ್ವರಗಳ ಗುಂಪನ್ನು ಬಿಟ್ಟು ಒಂದೊಂದು ಸ್ವರದ ನಿಲುಗಡೆಯನ್ನೇ ಆಶ್ರಯಿಸುತ್ತಾರೆ. ಷಡ್ಜದ ಮೇಲೆ ನಿಂತಾಗ ಹಾಡೇ ನಿಂತಿತೆನಿಸುತ್ತದೆ. ಕೊರೆದ ಗೆರೆ ಮಾತ್ರ ಸರಿಯುತ್ತಿರುತ್ತದೆ. ಇದು ಇಡಿಯ ಸಭಾಗಾಯನದ ಸಂಕ್ಷೇಪವಲ್ಲ. ಮೂರು ನಿಮಿಷಕ್ಕೆಂದೇ ಕಟ್ಟಿದ ಕೃತಿ. ಗದಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಖಾನರ ಝಿಂಝೋಟಿಯ ತಟ್ಟೆ ಕೇಳಿ ಗುರುವನ್ನರಸಿ ಮನೆ ಬಿಟ್ಟ ವೃತ್ತಾಂತವನ್ನು ಅವರೇ ಹೇಳಿಕೊಂಡಿದ್ದಾರೆ. ಹರಿದ ಚೂರಿಗೆ ಇಂಥ ಶಕ್ತಿಯಿರುವುದಿಲ್ಲ.

ಇನ್ನೊಂದು ತಟ್ಟೆಯಲ್ಲಿ ಇದೇ ಖಾನರು ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯನ್ನು ಹಾಡಿದ್ದಾರೆ. ಮೀರಜಿನಲ್ಲಿ ನೆಲೆಸಿ, ಮೈಸೂರಿನ ಆಸ್ಥಾನಕ್ಕೂ ಮದ್ರಾಸಿಗೂ ಓಡಾಡಿದ ಹಿಂದೂಸ್ಥಾನಿ ಗಾಯಕನೊಬ್ಬನು ದಕ್ಷಿಣದ ಕೃತಿಯನ್ನು ಹೇಗೆ ಕೇಳಿಸಿಕೊಂಡನು, ಅದರ ಗಮಕಗಳಲ್ಲಿ ಯಾವುದನ್ನು ಉಳಿಸಿ ಯಾವುದನ್ನು ತನ್ನ ಮೀಂಡಿಗೆ ಮಾರ್ಪಡಿಸಿದನು ಎಂಬುದಕ್ಕೆ ಈ ತಟ್ಟೆಯೇ ನೇರ ಸಾಕ್ಷಿ. ಎರಡು ಪದ್ಧತಿಗಳ ಕೊಡುಕೊಳೆಯನ್ನು ಕುರಿತು ನಮ್ಮಲ್ಲಿ ಬೆಳೆದಿರುವ ಸಾಮಾನ್ಯ ಮಾತುಗಳು ಈ ಸಾಕ್ಷಿಯ ಎದುರು ಪರೀಕ್ಷೆಗೆ ನಿಲ್ಲಬೇಕು.

ಮುಕ್ತಕದಿಂದ ಹೊರಡುವ ಎಚ್ಚರಿಕೆಯೂ ಇದೆ. ವಿಲಂಬಿತ ಲಯದ ವಿಸ್ತಾರ ತಟ್ಟೆಯಲ್ಲಿ ಹಿಡಿಸದು. ಆದಕಾರಣ ಹಳೆಯ ತಟ್ಟೆಗಳಲ್ಲಿ ಮಧ್ಯಲಯವೇ ಹೆಚ್ಚೆಂಬುದರಿಂದ ಆ ತಲೆಮಾರು ನಿಧಾನವಾಗಿ ಹಾಡುತ್ತಿರಲಿಲ್ಲವೆಂದು ಹೇಳುವುದು ಮುಕ್ತಕಗಳನ್ನಷ್ಟೇ ಓದಿ ಆ ಯುಗದಲ್ಲಿ ಕಥನವೇ ಇರಲಿಲ್ಲವೆಂದಂತೆ.

4

ಮೂರನೆಯದು ವೇಗದ ಪ್ರಶ್ನೆ. ಇದನ್ನು ಸಂಗ್ರಾಹಕರು ಅರಿತಿರುವಷ್ಟು ವಿದ್ವಾಂಸರು ಅರಿತಿಲ್ಲ. ನಿಮಿಷಕ್ಕೆ 78 ಸುತ್ತು ಎಂಬುದು ಎಲ್ಲರ ಬಾಯಲ್ಲಿರುವ ಸಂಖ್ಯೆಯಾದರೂ ಆರಂಭದ ತಟ್ಟೆಗಳು ಆ ಅಳತೆಗೆ ಕಟ್ಟುಬಿದ್ದಿರಲಿಲ್ಲ. ಎಪ್ಪತ್ತರ ಆಸುಪಾಸಿನಿಂದ ಎಂಬತ್ತರ ಮೇಲಿನವರೆಗೆ ಬೇರೆ ಬೇರೆ ವೇಗಗಳಲ್ಲಿ ಮುದ್ರಣವಾದುವುಗಳಿವೆ. 72 ಸುತ್ತಿನ ವೇಗದಲ್ಲಿ ಮುದ್ರಿಸಿದ ತಟ್ಟೆಯನ್ನು 78ರಲ್ಲಿ ತಿರುಗಿಸಿದರೆ ಮೂರು ನಿಮಿಷದ ಹಾಡು ಎರಡು ನಿಮಿಷ 46 ಸೆಕೆಂಡಿಗೆ ಮುಗಿಯುತ್ತದೆ; ಶ್ರುತಿ ಒಂದು ಸ್ವರಸ್ಥಾನಕ್ಕಿಂತ ಹೆಚ್ಚು ಏರುತ್ತದೆ. ಕರಿ ಒಂದರಲ್ಲಿ ಹಾಡಿದವರು ಬಿಳಿ ಎರಡನ್ನು ದಾಟಿ ಹಾಡಿದಂತೆ ಕೇಳಿಸುತ್ತದೆ. ಕಂಠದ ಬಣ್ಣ ತೆಳುವಾಗುತ್ತದೆ, ತಾನಗಳು ಚುರುಕಾಗುತ್ತವೆ. ಹಿಂದಿನವರ ತಾನಗಳ ವೇಗ ಇಂದಿನವರಿಗೆ ಬರದು ಎಂಬ ಪ್ರಶಂಸೆಯ ಒಂದು ಪಾಲು ಮೋಟಾರಿಗೆ ಸಲ್ಲಬೇಕಾಗಬಹುದು.

ಮೊನೆಯ ವಿಚಾರವೂ ಹೀಗೆಯೇ. ಅರಗಿನ ತಟ್ಟೆಯ ಗೆರೆ ಅಗಲವಾದುದು. ಅದಕ್ಕೆ ಒಂದು ಅಂಗುಲದ ಸಾವಿರದಲ್ಲಿ ಮೂರು ಭಾಗದಷ್ಟು ತ್ರಿಜ್ಯದ ಮೊನೆ ಬೇಕು. ನಂತರದ ಲಾಂಗ್‌ಪ್ಲೇ ತಟ್ಟೆಯ ಮೊನೆ ಅದರ ಮೂರನೆಯ ಒಂದರಷ್ಟು. ಇದನ್ನು ಅದರಲ್ಲಿಟ್ಟರೆ ಗೆರೆಯ ತಳದ ಕಸವನ್ನು ಉಜ್ಜುತ್ತಾ ಹೋಗುತ್ತದೆಯೇ ಹೊರತು ಗೋಡೆಯಲ್ಲಿರುವ ಹಾಡನ್ನು ಓದುವುದಿಲ್ಲ. ‘ತಟ್ಟೆ ಹಾಳಾಗಿದೆ’ ಎಂದು ಮೂಲೆಗೆ ತಳ್ಳಿದವುಗಳಲ್ಲಿ ಕೆಲವನ್ನಾದರೂ ತಕ್ಕ ಮೊನೆಯಿಂದ ಮತ್ತೆ ಓದಬಹುದು. ಹಳೆಯ ಯಂತ್ರಗಳ ಉಕ್ಕಿನ ಮುಳ್ಳನ್ನು ಮಗ್ಗುಲಿಗೊಂದರಂತೆ ಬದಲಿಸಬೇಕಾಗಿತ್ತು. ಬದಲಿಸಿದರೂ ಅದು ಗೆರೆಯನ್ನು ತಿನ್ನುತ್ತಿತ್ತು. ಓಲೆಗರಿಯನ್ನು ಓದಿದರೆ ಅಕ್ಷರ ಸವೆಯುವುದಿಲ್ಲ. ತಟ್ಟೆಯನ್ನು ಕೀಲಿಯ ಯಂತ್ರದಲ್ಲಿ ಹಾಕಿ ಕೇಳಿದಷ್ಟೂ ಅದು ಸವೆಯುತ್ತದೆ. ಅತಿಥಿಗಳಿಗೆಂದು ಅಪರೂಪದ ತಟ್ಟೆಯನ್ನು ಮತ್ತೆ ಮತ್ತೆ ಹಾಕುವ ಸಂಗ್ರಾಹಕನು ತಿಳಿಯದೆಯೇ ಆಕರವನ್ನು ವ್ಯಯಮಾಡುತ್ತಿರುತ್ತಾನೆ.

ಇಂದು ತಟ್ಟೆಗಳನ್ನು ಗಣಕಕ್ಕೆ ಇಳಿಸುವ ಸೌಕರ್ಯ ವ್ಯಾಪಕವಾಗಿದೆ. ಅದರೊಡನೆ ಹೊಸದೊಂದು ಅಪಾಯವೂ ಬಂದಿದೆ. ಕರಕರ ಸದ್ದನ್ನು ತೆಗೆಯುವ ಉತ್ಸಾಹದಲ್ಲಿ ಹಾಡಿನ ಮೇಲಿನ ಸ್ವರಾಂಶಗಳೂ ವ್ಯಂಜನಗಳ ಮೊನಚೂ ಹೋಗುತ್ತವೆ. ಕ್ಲಿಷ್ಟಪಾಠವನ್ನು ಸುಲಭಪಾಠವಾಗಿ ‘ತಿದ್ದಿ’ ಬರೆದ ಲಿಪಿಕಾರನ ಕೆಲಸ ಇದು. ಗ್ರಂಥಸಂಪಾದಕನು ಇಂಥ ಸಂದರ್ಭದಲ್ಲಿ ಏನು ಮಾಡುತ್ತಾನೋ ನಾವೂ ಅದನ್ನೇ ಮಾಡಬೇಕು. ಮೂಲದಲ್ಲಿ ಇದ್ದಂತೆಯೇ ಇಳಿಸಿದ ಪ್ರತಿಯೊಂದನ್ನು ಇಟ್ಟುಕೊಂಡು, ಶೋಧಿಸಿದ ಪ್ರತಿಯನ್ನು ಬೇರೆಯಾಗಿ ಸಿದ್ಧಪಡಿಸಿ, ಯಾವ ವೇಗವನ್ನು ಯಾವ ಆಧಾರದ ಮೇಲೆ ಅಂಗೀಕರಿಸಿದೆವೆಂದು ಬರೆದಿಡಬೇಕು.

ಹೋಲಿಕೆಗೆ ಮಿತಿಯೂ ಇದೆ. ಒಂದೇ ಅಚ್ಚಿನಿಂದ ಒತ್ತಿದ ತಟ್ಟೆಗಳಲ್ಲಿ ಹಸ್ತಪ್ರತಿಗಳಲ್ಲಿರುವಂಥ ಪಾಠಾಂತರವಿಲ್ಲ; ಇರುವುದು ಸವೆತದ ವ್ಯತ್ಯಾಸ ಮಾತ್ರ. ನಿಜವಾದ ಪಾಠಾಂತರ ಸಿಗುವುದು ಒಂದೇ ಹಾಡನ್ನು ಎರಡು ಸಲ ಮುದ್ರಿಸಿದಾಗ ಮತ್ತು ಮರುಮುದ್ರಣಗಳಲ್ಲಿ. ಇವುಗಳನ್ನು ಬಿಡಿಸಿ ಹೇಳುವುದು ತಟ್ಟೆಯ ನಡುವೆ, ಅಂಟುಚೀಟಿಯ ಸುತ್ತ ಕೊರೆದಿರುವ ಅಚ್ಚುಸಂಖ್ಯೆ. ಅಂಟುಚೀಟಿಯ ಮೇಲಿನ ಮಾರಾಟದ ಸಂಖ್ಯೆ ಬೇರೆ, ಮುದ್ರಣದ ಈ ಸಂಖ್ಯೆ ಬೇರೆ. ಕಾಲನಿರ್ಣಯಕ್ಕೆ ಎರಡನೆಯದೇ ಹೆಚ್ಚಿನ ಆಧಾರ.

5

ಕಾಲನಿರ್ಣಯವು ಒಣ ಪಾಂಡಿತ್ಯವಲ್ಲ ಎಂಬುದನ್ನು ಧಾರವಾಡದ ಇಬ್ಬರು ಗಾಯಕರ ತಟ್ಟೆಗಳು ತೋರಿಸುತ್ತವೆ. ಮಲ್ಲಿಕಾರ್ಜುನ ಮನಸೂರರು ಮೊದಲು ಕಲಿತದ್ದು ಮೀರಜಿನ ನೀಲಕಂಠಬುವಾ ಆಲೂರಮಠರಲ್ಲಿ, ಗ್ವಾಲಿಯರ್ ಪದ್ಧತಿಯಲ್ಲಿ. 1935ರ ಸುಮಾರಿಗೆ ಅವರು ಜೈಪುರ–ಅತ್ರೌಲಿಯ ಮಂಜಿಖಾನರ ಶಿಷ್ಯರಾದರು. 1937ರಲ್ಲಿ ಮಂಜಿಖಾನರು ತೀರಿಕೊಂಡ ಮೇಲೆ ಬುರ್ಜಿಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಎಚ್.ಎಂ.ವಿ.ಗೆ ಅವರು ಹಾಡಿದ ತಟ್ಟೆಗಳು ಈ ಸಂಧಿಕಾಲದ ಇಬ್ಬದಿಯಲ್ಲಿಯೂ ಹರಡಿವೆ. ಯಾವುದು 1935ರ ಈಚಿನದು, ಯಾವುದು ಆಚಿನದು ಎಂಬುದನ್ನು ಅಚ್ಚುಸಂಖ್ಯೆಯಿಂದ ನಿಶ್ಚಯಿಸಿಕೊಳ್ಳದೆ ‘ಮನಸೂರರ ತರುಣ ಶೈಲಿ’ ಎಂದು ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದರೆ, ಒಬ್ಬ ಮಹಾಗಾಯಕನು ಒಂದು ಗಾಯನಮಾರ್ಗದಿಂದ ಇನ್ನೊಂದಕ್ಕೆ ದಾಟಿದ ಘಟ್ಟವೇ ಅಳಿಸಿಹೋಗುತ್ತದೆ. ‘ನನ್ನ ರಸಯಾತ್ರೆ’ಯಲ್ಲಿ ಅವರು ಆ ದಾಟನ್ನು ಮಾತಿನಲ್ಲಿ ಹೇಳಿದ್ದಾರೆ, ನಾದದಲ್ಲಿ ಅದನ್ನು ಹೇಳಬಲ್ಲವು ತಟ್ಟೆಗಳೇ.

ಎರಡನೆಯದು ಗಂಗೂಬಾಯಿ ಹಾನಗಲ್ಲರದು. 1930ರ ದಶಕದ ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ ಹಾನಗಲ್’. ಜಿ.ಎನ್. ಜೋಶಿಯವರೊಡನೆ ಹಾಡಿದ ಮರಾಠಿ ಯುಗಳಗೀತೆಯೂ ಈ ಹೆಸರಿನದೇ. ಆ ತಟ್ಟೆಗಳಲ್ಲಿ ಕೇಳುವುದು ಎತ್ತರದ, ತೆಳುವಾದ, ಸಿಹಿಯಾದ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯ ತರುವಾಯ ದನಿ ಗಡುಸಾಗಿ, ನಾವೆಲ್ಲ ಬಲ್ಲ ಗಂಭೀರ ಕಂಠ ಅವರದಾಯಿತು. ಹೆಸರು ಎರಡು, ದನಿ ಎರಡು. ಅಂಟುಚೀಟಿಯನ್ನಷ್ಟೇ ನಂಬಿದ ಸೂಚಿಕಾರನಿಗೆ ಇವರು ಇಬ್ಬರು ವ್ಯಕ್ತಿಗಳಾಗುತ್ತಾರೆ. ಕಿವಿಯನ್ನಷ್ಟೇ ನಂಬಿದವನಿಗೂ ಹಾಗೆಯೇ. ಇವರು ಒಬ್ಬರೇ ಎಂದು ತಿಳಿಯಲು ಜೀವನಚರಿತ್ರೆಯ ಆಧಾರ ಬೇಕು. ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಒಂದೇ ಅಂಕಿತದ ಇಬ್ಬರು, ಇಬ್ಬಗೆಯ ಹೆಸರಿನ ಒಬ್ಬರು ಎಂಬ ಕರ್ತೃತ್ವದ ಸಮಸ್ಯೆಗಳು ನಮಗೆ ಹೊಸವಲ್ಲ. ಅಲ್ಲಿ ಕಲಿತ ಎಚ್ಚರವನ್ನು ಇಲ್ಲಿಗೂ ತರಬೇಕು.

6

ಈ ಉದಾಹರಣೆಗಳು ರಾಜ್ಯದ ಹೊರಗಿರುವ ನಮ್ಮನ್ನು ನೇರವಾಗಿ ಮುಟ್ಟುತ್ತವೆ. ಕನ್ನಡಿಗರ ಹಾಡುಗಾರಿಕೆಯ ಬಹುಭಾಗ ತಟ್ಟೆಯಾದದ್ದು ಮುಂಬಯಿ ಮತ್ತು ಮದ್ರಾಸುಗಳಲ್ಲಿ. ಕಂಪನಿಗಳ ಕಚೇರಿಗಳೂ ಮುದ್ರಣದ ಕೋಣೆಗಳೂ ಅಲ್ಲಿದ್ದವು. ಓಡಿಯನ್ನಿನ ದಕ್ಷಿಣದ ವ್ಯವಹಾರ ನಡೆದದ್ದು ಮದ್ರಾಸಿನ ಸರಸ್ವತಿ ಸ್ಟೋರ್ಸಿನ ಮೂಲಕ. ಕಂಪನಿಗಳು ತಟ್ಟೆಗಳನ್ನು ಪಟ್ಟಿಮಾಡಿದ್ದು ಮಾರುಕಟ್ಟೆಯ ಭಾಷೆಯನ್ನು ಅನುಸರಿಸಿಯೇ ಹೊರತು ಹಾಡಿದವರ ನಾಡನ್ನು ನೋಡಿ ಅಲ್ಲ. ಬಿಜಾಪುರ ಜಿಲ್ಲೆಯ ಬೀಳಗಿಯಿಂದ ಮುಂಬಯಿಗೆ ಹೋದ ಅಮೀರ್‌ಬಾಯಿ ಕರ್ನಾಟಕಿ ಹಿಂದಿ ಚಿತ್ರಗೀತೆಗಳ ಪಟ್ಟಿಯಲ್ಲಿ ಸೇರಿಹೋದರು. ಅವರ ಅಕ್ಕ ಗೋಹರ್ ಕರ್ನಾಟಕಿ ಮರಾಠಿ ರಂಗಭೂಮಿಯ ಪಟ್ಟಿಯಲ್ಲಿ. ಹೆಸರಿನಲ್ಲಿ ನಾಡನ್ನೇ ಹೊತ್ತವರನ್ನು ಕೂಡ ಕನ್ನಡದ ಸೂಚಿಯೊಳಗೆ ಹುಡುಕಬೇಕಾಗಿರುವುದು ವಿಷಾದದ ಸಂಗತಿ. 1940ರ ದಶಕದ ಆರಂಭದಲ್ಲಿ ಹೊರಬಂದ ಭೀಮಸೇನ ಜೋಶಿಯವರ ಮೊದಲ ಧ್ವನಿಮುದ್ರಿಕೆಯಲ್ಲಿ ಕನ್ನಡದ ಭಕ್ತಿಗೀತೆಗಳಿದ್ದವೆಂಬುದು ಅವರ ಅಭಿಮಾನಿಗಳಲ್ಲಿ ಎಷ್ಟು ಜನರಿಗೆ ನೆನಪಿದೆ?

ಹೀಗೆ ಚದುರಿದ ತಟ್ಟೆಗಳು ಉಳಿಯುವ ಜಾಗಗಳೂ ರಾಜ್ಯದ ಹೊರಗಿನವೇ. ಅರಗಿನ ಮನೆಯ ಕಥೆ ಬಲ್ಲವರಿಗೆ ಅರಗು ಬೆಂಕಿಗೆ ಎಷ್ಟು ಹತ್ತಿರವೆಂದು ಹೇಳಬೇಕಿಲ್ಲ. ಹಳೆಯ ಪುಸ್ತಕ ಮತ್ತು ರೆಕಾರ್ಡುಗಳ ಬೀಡಾಗಿದ್ದ ಮದ್ರಾಸಿನ ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋಯಿತು. ಬೆಂಕಿ ಬೇಡ, ಬೇಸಗೆಯ ಅಟ್ಟ ಸಾಕು: ಮಲಗಿಸಿ ಪೇರಿಸಿದ ತಟ್ಟೆಗಳು ಬಾಗುತ್ತವೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಕೈತಪ್ಪಿದರೆ ಒಡೆಯುತ್ತದೆ. ಕನ್ನಡದಲ್ಲಿ ‘ಪ್ಲೇಟು’, ಮರಾಠಿಯಲ್ಲಿ ‘ತಬಕಡಿ’, ತಮಿಳಿನಲ್ಲಿ ‘ಇಸೈತ್ತಟ್ಟು’ ಎಂದು ಹೆಸರು ಯಾವುದಾದರೂ ಆಗಲಿ, ಮಾರುವವನಿಗೆ ಕನ್ನಡ ಓದಲು ಬಾರದಿದ್ದರೆ ಕನ್ನಡದ ತಟ್ಟೆ ರಾಶಿಯ ಅಡಿಗೆ ಹೋಗುತ್ತದೆ. ಅದನ್ನು ಗುರುತಿಸಬಲ್ಲವರು ಆ ನಗರಗಳಲ್ಲಿ ನೆಲೆಸಿರುವ ಕನ್ನಡ ಸಂಶೋಧಕರೇ.

7

ಸಂಗ್ರಹ ತಟಸ್ಥ ವ್ಯಾಪಾರವಲ್ಲ. ಏನನ್ನು ಕೂಡಿಡುತ್ತೇವೆಯೋ ಅದು ಮುಂದೆ ಚರಿತ್ರೆಯಾಗುತ್ತದೆ. ಇದಕ್ಕೆ ಮೈಸೂರೇ ಸಾಕ್ಷಿ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ಧ್ವನಿತಟ್ಟೆಗಳ ಬಹುದೊಡ್ಡ ಸಂಗ್ರಾಹಕರಾಗಿದ್ದರು. ಲಂಡನ್ನಿನಲ್ಲಿ ನೆಲೆಸಿ ಮರೆವಿಗೆ ಸರಿಯುತ್ತಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸಲೆಂದು ಒಡೆಯರು ಧನಸಹಾಯ ಮಾಡಿದರು. 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಎಚ್.ಎಂ.ವಿ. ಆ ತಟ್ಟೆಗಳನ್ನು ಹೊರತಂದಿತು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್‌ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದನು, 1951ರಲ್ಲಿ ತೀರಿಕೊಂಡನು. ಅವನ ವಾದನವನ್ನು ಇಂದು ಜಗತ್ತು ಕೇಳುತ್ತಿದ್ದರೆ ಅದಕ್ಕೆ ಮೈಸೂರಿನ ಒಬ್ಬ ಕೇಳುಗನ ರಸಜ್ಞತೆ ಮುಖ್ಯ ಕಾರಣ. ಸಂಗ್ರಾಹಕನ ಕಿವಿ ಎಂಥ ಉಪಕಾರ ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಹಿರಿದಾದ ಉದಾಹರಣೆ ನಮಗೆ ತಿಳಿದಿಲ್ಲ.

ಅದೇ ಮೈಸೂರಿನಲ್ಲಿ, ಆಸ್ಥಾನದ ಆಶ್ರಯ ಪಡೆದು ಬಂದಿದ್ದ ಗೌಹರ್ ಜಾನ್ 1930ರ ಜನವರಿಯಲ್ಲಿ ಕೊನೆಯುಸಿರೆಳೆದರು. ಭಾರತದ ಧ್ವನಿಮುದ್ರಣದ ಮೊದಲ ತಾರೆ ನಮ್ಮ ನೆಲದಲ್ಲಿ ಮಣ್ಣಾದದ್ದನ್ನು ನಾವು ಸ್ಮರಿಸುವುದುಂಟು. ಆದರೆ ಅವರ ತಟ್ಟೆಗಳ ಶಾಸ್ತ್ರೀಯವಾದ ಸೂಚಿಯನ್ನು ಸಿದ್ಧಪಡಿಸುವ ದುಡಿಮೆ ಹೆಚ್ಚಾಗಿ ಬೇರೆಡೆ ನಡೆಯಿತು. ಗ್ರಾಮಫೋನ್ ಕಂಪನಿಯ ಮೊದಲ ಭಾರತೀಯ ಮುದ್ರಣಗಳ ಪಟ್ಟಿಯನ್ನು 1994ರಲ್ಲಿ ಪ್ರಕಟಿಸಿದವರು ಆಸ್ಟ್ರೇಲಿಯದ ಮೈಕೇಲ್ ಕಿನ್ನಿಯರ್. 1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘವು ತನ್ನ ಪತ್ರಿಕೆಯ ಮೂಲಕ ಸಂಗ್ರಾಹಕರ ಬಿಡಿ ಅರಿವನ್ನು ಒಂದೆಡೆ ಕೂಡಿಸುವ ಕೆಲಸ ಮಾಡಿತು. ಮದ್ರಾಸಿನಲ್ಲಿ ವಿ.ಎ.ಕೆ. ರಂಗರಾವ್ ಅವರು ಕಟ್ಟಿದ ಸಂಗ್ರಹ ಅನೇಕ ಭಾಷೆಗಳ ಅಧ್ಯಯನಕ್ಕೆ ಆಕರವಾಯಿತು. ಇವರು ಯಾರೂ ವಿಶ್ವವಿದ್ಯಾನಿಲಯದ ಪೀಠಗಳಿಂದ ಬಂದವರಲ್ಲ. ವಿದ್ವತ್ತು ಮಾಡಬೇಕಾದ ಕೆಲಸವನ್ನು ಹವ್ಯಾಸ ಮಾಡಿದೆ. ವಿದ್ವತ್ತು ಅದರ ಫಲವನ್ನು ಋಣಸ್ಮರಣೆಯಿಲ್ಲದೆ ಉಂಡಿದೆ.

ಸಂಗ್ರಾಹಕರನ್ನು ಕುರಿತು ಒಂದು ಆಕ್ಷೇಪವನ್ನೂ ಹೇಳದಿರಲಾಗದು. ಅಪರೂಪತೆಯೇ ಬೆಲೆಯೆಂಬ ಅಳತೆ ಅವರಲ್ಲಿ ಬಲವಾಗಿದೆ. ಇದರಿಂದ ಪ್ರಸಿದ್ಧ ಗಾಯಕರ ತಟ್ಟೆ ಬಟ್ಟೆಯಲ್ಲಿ ಸುತ್ತಿ ಭದ್ರವಾಗಿರುತ್ತದೆ. ಹೆಸರಿಲ್ಲದ ನಾಟಕ ಕಂಪನಿಯ ಹಾಡು, ಹಾಸ್ಯದ ಸಂಭಾಷಣೆ, ಕೀರ್ತನಕಾರರ ತುಣುಕು ತೂಕಕ್ಕೆ ಹೋಗುತ್ತದೆ. ಭಾಷೆಯ ಮತ್ತು ರಂಗಭೂಮಿಯ ಚರಿತ್ರಕಾರನಿಗೆ ಬೇಕಾದವು ಬಹುಶಃ ಇವೇ. ಮಠದ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುತ್ತಾ ಯಾರ ಕಣ್ಣಿಗೂ ಬೀಳದೆ ಹುಳು ತಿಂದ ಓಲೆಕಟ್ಟುಗಳ ನೆನಪು ನಮಗಿದೆ. ಬೀಗ ಹಾಕಿದ ಕಪಾಟಿನಲ್ಲಿರುವ ತಟ್ಟೆಯ ಗತಿ ಅದಕ್ಕಿಂತ ಭಿನ್ನವಲ್ಲ.

8

ಒಟ್ಟಿನಲ್ಲಿ, ನಮ್ಮ ಮುಂದಿರುವ ಕೆಲಸ ಕನ್ನಡದ ಧ್ವನಿತಟ್ಟೆಗಳ ವರ್ಣನಾತ್ಮಕ ಸೂಚಿಯೊಂದನ್ನು ನಗರ ನಗರಗಳಿಂದ ಕೂಡಿಸುವುದು. ಹಸ್ತಪ್ರತಿಸೂಚಿಯ ಮಾದರಿ ನಮಗೆ ಸಿದ್ಧವಾಗಿದೆ. ಪ್ರತಿ ತಟ್ಟೆಗೂ ಕಂಪನಿ, ಮಾರಾಟದ ಸಂಖ್ಯೆ, ಅಚ್ಚುಸಂಖ್ಯೆ, ಅಂಟುಚೀಟಿಯ ಮೇಲಿರುವ ಹೆಸರು ಇದ್ದಂತೆಯೇ, ಕಲಾವಿದರ ನಿಶ್ಚಿತವಾದ ಹೆಸರು, ಭಾಷೆ, ರಾಗ ಅಥವಾ ಪ್ರಕಾರ, ಕೊನೆಯ ಘೋಷಣೆ, ಕೇಳಿದ ವೇಗ, ಸವೆತದ ಸ್ಥಿತಿ ಮತ್ತು ತಟ್ಟೆ ದೊರೆತ ಸ್ಥಳ ಇವಿಷ್ಟನ್ನು ಬರೆದರೆ ಸಾಕು. ಭಾಷೆಯ ಅಂಕಣದಲ್ಲಿ ಅಂಟುಚೀಟಿ ಹೇಳುವುದನ್ನು ಒಂದು ಕಡೆ, ಕಿವಿ ಹೇಳುವುದನ್ನು ಇನ್ನೊಂದು ಕಡೆ ಬರೆಯಬೇಕು. ಹಳೆಯ ಅಂಟುಚೀಟಿಗಳಲ್ಲಿ ‘ಕನಾರೀಸ್’ ಎಂದಿರುವುದು ಒಂದು ಬಗೆ. ಬೇರೆ ಭಾಷೆಯ ಹೆಸರಿನಡಿ ಸೇರಿದ ಕನ್ನಡ ಇನ್ನೊಂದು ಬಗೆ.

ಗಣಕದ ಪ್ರತಿ ಸಿದ್ಧವಾಯಿತೆಂದು ಮೂಲ ತಟ್ಟೆಯನ್ನು ವಿಲೇವಾರಿ ಮಾಡುವ ರೂಢಿಯನ್ನು ನಾವು ಖಂಡಿತವಾಗಿ ವಿರೋಧಿಸಬೇಕು. ಅಚ್ಚಾದ ಆವೃತ್ತಿ ಬಂದ ಮೇಲೆಯೂ ಓಲೆಗರಿಯನ್ನು ಉಳಿಸಿಕೊಂಡದ್ದರಿಂದಲೇ ನಮ್ಮ ಹಿರಿಯರ ಪಾಠನಿರ್ಣಯಗಳನ್ನು ಮರುಪರಿಶೀಲಿಸಲು ನಮಗೆ ಸಾಧ್ಯವಾಯಿತು. ಇಂದು ನಾವು ಅಂಗೀಕರಿಸುವ ವೇಗವನ್ನು, ನಾವು ‘ಸದ್ದು’ ಎಂದು ತೆಗೆದುಹಾಕುವುದನ್ನು ಮುಂದಿನವರು ಪ್ರಶ್ನಿಸುವುದು ನಿಶ್ಚಯ. ಆಗ ಅವರಿಗೆ ಬೇಕಾಗುವುದು ನಮ್ಮ ತೀರ್ಮಾನವಲ್ಲ, ಗೆರೆಗಳಿರುವ ಆ ಕಪ್ಪು ತಟ್ಟೆ.